ಟಾರ್ಚಕ್ಕನ ಸ್ಪ್ರಿಂಗು

ಟಾರ್ಚಕ್ಕನಿಗೆ ಚೆನ್ನಾಗಿ ಬರುತ್ತಿದ್ದದ್ದು ಎರಡೇ ಕೆಲಸ: ಟಾರ್ಚು ಜೋಡಿಸುವುದು, ಮಾತಾಡುವುದು. ಮೊದಲನೆಯದನ್ನು ಕೈಯಿಂದ ಮಾಡುತ್ತಿದ್ದಳು, ಎರಡನೆಯದನ್ನು ಇಡೀ ಮೈಯಿಂದ. ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿ ಹೋಗಿದ್ದವಳು ವರ್ಷ ತುಂಬುವುದರೊಳಗೆ ಪೆಟ್ಟಿಗೆ ಸಮೇತ ವಾಪಸು ಬಂದಿದ್ದಳು. ಯಾಕಮ್ಮಾ ಎಂದು ಕೇಳಿದವರಿಗೆ, "ಒಳ್ಳೇ ಜನ ಕಣ್ರೀ. ಬೈಲಿಲ್ಲ, ಹೊಡೀಲಿಲ್ಲ. ಆದ್ರೆ ಆ ಮನೇಲಿ ಒಬ್ಬರೂ ನಗೋದೇ ಇಲ್ಲ" ಎಂದಳು. ಆಮೇಲೆ ಯಾರು ಎಷ್ಟು ಬುದ್ಧಿ ಹೇಳಿದರೂ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಹಾಗೆ ಓಡಿ ಬಂದವಳಿಗೆ ಕೆಲಸದ ಜೊತೆಗಾರನಾಗಿ ಸಿಕ್ಕವನು ಯಾರು? ಸ್ವಂತ ತಮ್ಮ. ಬೀದಿಯವರು ಅವನಿಗೆ ಗುಮ್ಮಣ್ಣ ಎಂದು ಹೆಸರಿಟ್ಟಿದ್ದರು. ಬಾಯಿ ತೆರೆದರೆ ಹಲ್ಲು ಸವೆಯುತ್ತದೆ ಎಂಬ ಹಾಗೆ ಇರುತ್ತಿದ್ದ. ಬೆಳಗ್ಗೆ 'ಹೂಂ' ಅಂದರೆ ಆ ದಿನದ ಮಾತು ಮುಗಿದಂತೆ.

ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿಯ ಪಕ್ಕ ಅವನ ಲೇತು ಯಂತ್ರ, ಅದಕ್ಕೆ ಬೆನ್ನು ಹಾಕಿ ಅವಳ ಮೇಜು. ಹಿತ್ತಾಳೆಯ ಕೊಳವೆಯನ್ನು ಒಳಗೂ ಹೊರಗೂ ನುಣ್ಣಗೆ ಕಡೆದು, ಮುಚ್ಚಳ ತಿರುಗಿಸಿ ಕೂರಿಸಲು ತುದಿಯಲ್ಲಿ ಥ್ರೆಡ್ಡು ಹಾಕುವುದು ಅವನ ಪಾಲು. ಬಲ್ಬು, ಗಾಜು, ಸ್ವಿಚ್ಚು, ಹಿಂದಿನ ಮುಚ್ಚಳದೊಳಗೆ ಬ್ಯಾಟರಿಯನ್ನು ಒತ್ತಿ ಹಿಡಿಯುವ ಸ್ಪ್ರಿಂಗು, ಇವನ್ನೆಲ್ಲ ಕೂರಿಸಿ, ಮುಖ ಕಾಣುವಂತೆ ಉಜ್ಜಿ ಕೊಡುವುದು ಅವಳ ಪಾಲು. ನೆಲದ ತುಂಬ ಹಿತ್ತಾಳೆಯ ಸುರುಳಿ ಚೂರುಗಳು. ಬರಿಗಾಲಲ್ಲಿ ಬಂದವರು ಕುಣಿಯುತ್ತಲೇ ಹೊರಗೆ ಹೋಗಬೇಕು.

ಗಿರಾಕಿಗೆ ಟಾರ್ಚು ಕೊಡುವಾಗ ಗುಮ್ಮಣ್ಣ ಒಂದೇ ಒಂದು ಮಾತು ಹೇಳುತ್ತಿದ್ದ: "ತಿರುಗಿ ಬರಲ್ಲ." ಅದು ಅವನ ಹೆಮ್ಮೆ. ಟಾರ್ಚಕ್ಕನಿಗೆ ಅದೇ ತಲೆನೋವು. ಟಾರ್ಚು ತಿರುಗಿ ಬರದಿದ್ದರೆ ಗಿರಾಕಿಯಾದರೂ ಯಾಕೆ ತಿರುಗಿ ಬಂದಾನು? ಒಳ್ಳೇ ಮಾತುಗಾರರೆಲ್ಲ ಬಾಳಿಕೆ ಬರುವ ಟಾರ್ಚು ಹಿಡಿದು ಶಾಶ್ವತವಾಗಿ ಹೊರಟುಹೋಗುತ್ತಿದ್ದರು.

ಕಿತಾಪತಿ ಶುರುವಾದದ್ದು ಟಾಕೀಸಿನಲ್ಲಿ ಸೀಟು ತೋರಿಸುವವನಿಂದ. ಒಂದು ಮಧ್ಯಾಹ್ನ ಅವನು ಹೊಸ ಸಿನಿಮಾದ ಕತೆ ಹೇಳುತ್ತ ಕುಳಿತಿದ್ದ. ನಾಯಕಿ ಕೋರ್ಟಿನ ಕಟಕಟೆ ಹತ್ತಿದ್ದಳು, ಸಾಕ್ಷಿ ಹೇಳಬೇಕಾದ ಚಿಕ್ಕಪ್ಪ ಮೂರ್ಛೆ ಹೋಗಿದ್ದ. ಅಷ್ಟರಲ್ಲಿ ಟಾರ್ಚು ಸಿದ್ಧವಾಯಿತು, ಆಟಕ್ಕೆ ಹೊತ್ತಾಯಿತೆಂದು ಅವನು ಎದ್ದ. ಟಾರ್ಚಕ್ಕನ ಜೀವ ಚಡಪಡಿಸಿತು. "ತಡೀರಿ, ಇನ್ನೊಂಚೂರು ಉಜ್ಜಿ ಕೊಡ್ತೀನಿ" ಎಂದು ಟಾರ್ಚು ಕಸಿದುಕೊಂಡು, ಮುಚ್ಚಳ ಬಿಚ್ಚಿ, ಇಕ್ಕಳದಿಂದ ಸ್ಪ್ರಿಂಗನ್ನು ಕೊಂಚವೇ ಅಮುಕಿದಳು. ಕೆಲವು ದಿನ ಸರಿಯಾಗಿಯೇ ಉರಿದು, ಆಮೇಲೆ ಅಲ್ಲಾಡಿಸಿದರೆ ಮಿಣಕ್ ಮಿಣಕ್ ಅನ್ನಬೇಕು, ಅಷ್ಟೇ ಅಷ್ಟು. ಲೆಕ್ಕಾಚಾರ ತಪ್ಪಲಿಲ್ಲ. ಅವನು ಬಂದ, ಚಿಕ್ಕಪ್ಪನಿಗೆ ಎಚ್ಚರವಾಯಿತು, ನಾಯಕಿ ಬಿಡುಗಡೆಯಾದಳು.

ಆಮೇಲೆ ಅದೇ ಚಟವಾಯಿತು. ಪಾರಿವಾಳ ಸಾಕುವ ಮುದುಕ, ಮೂವರು ಸೊಸೆಯಂದಿರ ಸುದ್ದಿ ಹೊತ್ತು ತಿರುಗುವ ದರ್ಜಿಯ ಹೆಂಡತಿ, ಹೀಗೆ ರಸವತ್ತಾಗಿ ಮಾತಾಡುವವರ ಸ್ಪ್ರಿಂಗುಗಳೆಲ್ಲ ಒಂದೊಂದಾಗಿ ಕುಗ್ಗಿದವು. ಅವಳಿಗೂ ಒಂದು ನೀತಿ ಇತ್ತೆನ್ನಿ. ಹಾವು ಹಿಡಿಯುವವನು ಎಂಥ ಕತೆ ಹೇಳಿದರೂ ಅವನ ಟಾರ್ಚಿಗೆ ಕೈ ಹಾಕಲಿಲ್ಲ. ಹೆರಿಗೆ ಮಾಡಿಸುವ ನರ್ಸಮ್ಮನದಕ್ಕೂ ಇಲ್ಲ. ಇನ್ನು ಗ್ಯಾರೇಜಿನ ಯಜಮಾನ ಬಂದರೆ ತನ್ನ ಕಾಂಪೌಂಡು ಗೋಡೆಯ ವ್ಯಾಜ್ಯವನ್ನು ಮೊದಲ ಇಟ್ಟಿಗೆಯಿಂದ ಶುರು ಮಾಡುತ್ತಿದ್ದ. ಅವನ ಟಾರ್ಚಿನ ಸ್ಪ್ರಿಂಗನ್ನು ಅವಳು ಎಳೆದು ಎಳೆದು ಬಿಗಿ ಮಾಡಿ, ಜನ್ಮದಲ್ಲಿ ಕೆಡದಂತೆ ಮಾಡಿ ಕೊಟ್ಟಳು.

ರಿಪೇರಿಗೆ ಬಂದದ್ದನ್ನು ತಮ್ಮ ಮುಟ್ಟುವ ಮೊದಲೇ ಅವಳು ತನ್ನ ಮೇಜಿಗೆ ಎಳೆದುಕೊಳ್ಳುತ್ತಿದ್ದಳು. "ಏನಾಗಿತ್ತು?" ಎಂದು ಅವನು ಕೇಳಿದರೆ, ಏನಾದರೂ ಹೇಳಬೇಕಲ್ಲ, "ಕೊಳವೆ ಒಳಗೆ ಸ್ವಲ್ಪ ಸಡಿಲ ಇತ್ತು ಕಣೋ" ಎಂದುಬಿಡುತ್ತಿದ್ದಳು. ಕೊಳವೆ ಅವನ ಕೈಕೆಲಸ ಎಂಬುದು ಆ ಕ್ಷಣಕ್ಕೆ ಅವಳ ತಲೆಗೆ ಹೋಗುತ್ತಿರಲಿಲ್ಲ. ಅವಳ ಕಿವಿಯೆಲ್ಲ ದರ್ಜಿಯ ಕಿರಿ ಸೊಸೆಯ ಮೇಲಿರುತ್ತಿತ್ತು.

ಗುಮ್ಮಣ್ಣ ಕನ್ನಡಕ ಬದಲಾಯಿಸಿದ. ಲೇತಿನ ಉಳಿಗಳನ್ನೆಲ್ಲ ಹೊಸದಾಗಿ ಸಾಣೆ ಹಿಡಿದ. ಒಂದೇ ಕೊಳವೆಯನ್ನು ಅಳೆದು ಅಳೆದು ಪಕ್ಕಕ್ಕಿಟ್ಟ. 'ತಿರುಗಿ ಬರಲ್ಲ' ಎನ್ನುವುದನ್ನು ನಿಲ್ಲಿಸಿದ. ಮಾತೇ ಆಡದವನು ಒಂದು ಮಾತು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಟಾರ್ಚಕ್ಕನಿಗೂ ಗೊತ್ತಾಗಲಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ಅವನೇ ಬಾಯಿಬಿಟ್ಟ.

"ಲೇತು ಮಾರ್ತಾ ಇದ್ದೀನಿ. ನಾಳೆ ಗ್ಯಾರೇಜಿನವರು ಬರ್ತಾರೆ."

ಅವಳು ಮೊದಲು ನಕ್ಕಳು. ಅವನ ಮುಖ ನೋಡಿದ ಮೇಲೆ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟಳು. ಲೇತು ಹೋದರೆ ಈ ಕೋಣೆಗೆ ಯಾರು ಬರುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಲೇತಿಲ್ಲದೆ ಇವನು ಏನಾಗುತ್ತಾನೆ? ಹೇಳಿಬಿಡಬೇಕು ಎನ್ನಿಸಿತು. ಆದರೆ ಅಷ್ಟು ಸುಲಭಕ್ಕೆ ತಪ್ಪು ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ವ್ಯಾಪಾರ ಕೆಡಿಸಿದರಾಯಿತು ಎಂದುಕೊಂಡಳು. ಕೆಡಿಸುವುದರಲ್ಲಿ ಕೈ ಪಳಗಿತ್ತಲ್ಲ.

ಮರುದಿನ ಗ್ಯಾರೇಜಿನ ಯಜಮಾನ ಬಂದು ಲೇತಿನ ಸುತ್ತ ಒಂದು ಸುತ್ತು ಹಾಕಿದ.

"ಕೊಳ್ಳೋದಾದ್ರೆ ಯೋಚನೆ ಮಾಡಿ ಕೊಳ್ಳಿ" ಎಂದು ಟಾರ್ಚಕ್ಕ ಶುರು ಮಾಡಿದಳು. "ಎಣ್ಣೆ ಕುಡಿಯುತ್ತೆ, ಹಂದಿ ಕೂಗಿದ ಹಾಗೆ ಕೂಗುತ್ತೆ. ಮೊನ್ನೆ ಹಿತ್ತಾಳೆ ಚೂರು ಎಸೆದು ಕಿಟಕಿ ಗಾಜೇ ಒಡೀತು."

"ಸುಳ್ಳು!" ಗುಮ್ಮಣ್ಣ ಎದ್ದು ನಿಂತ. ಅವನ ದನಿ ಅಷ್ಟು ಎತ್ತರಕ್ಕೆ ಹೋಗಬಲ್ಲದೆಂದು ಅವನಿಗೇ ಗೊತ್ತಿರಲಿಲ್ಲವೇನೋ. "ಒಂದು ಕೂದಲೆಳೆ ಆಚೀಚೆ ಹೋಗಲ್ಲ ಇದು. ಮಗು ಮಲಗಿದ್ರೂ ಏಳಲ್ಲ, ಅಷ್ಟು ಮೆತ್ತಗೆ ತಿರುಗುತ್ತೆ. ನೋಡಿ ಬೇಕಾದ್ರೆ." ಲೇತು ಓಡಿಸಿ ತೋರಿಸಿದ. ಗ್ಯಾರೇಜಿನವನ ಕಣ್ಣು ಅರಳಿತು. ತಾನಾಗಿಯೇ ಬೆಲೆ ಏರಿಸಿದ. ಟಾರ್ಚಕ್ಕ ನಾಲಿಗೆ ಕಚ್ಚಿಕೊಂಡಳು.

"ಲೇತು ಇಷ್ಟು ಚೆನ್ನಾಗಿದ್ರೆ, ಟಾರ್ಚು ಯಾಕ್ರೀ ವಾಪಸ್ ಬರ್ತಿವೆ ಅಂತ ಬೀದಿಯಲ್ಲೆಲ್ಲ ಮಾತು?" ಎಂದು ಗ್ಯಾರೇಜಿನವನು ಕೇಳಿದ.

ಗುಮ್ಮಣ್ಣ ಲೇತು ನಿಲ್ಲಿಸಿದ. ಅಂಗೈ ತಿರುಗಿಸಿ ನೋಡಿಕೊಂಡ. "ಲೇತಿನ ತಪ್ಪಲ್ಲ" ಎಂದ. "ನನ್ನ ಕೈ ಹೋಯ್ತು."

ಇಷ್ಟು ಹೊತ್ತಿಗೆ ಯಾವ ಕಲ್ಲಾದರೂ ಕರಗಬೇಕು. ಟಾರ್ಚಕ್ಕ ಕರಗಿದಳು. "ನಿನ್ನ ಕೈಗೇನಾಗಿದೆಯೋ, ನನ್ನ ಕೈ ಮುರಿಯ! ನಾನೇ ಕಣೋ ಮಾಡಿದ್ದು!" ಎಂದು ಇಕ್ಕಳ, ಸ್ಪ್ರಿಂಗು, ಪಾರಿವಾಳ, ಸೊಸೆಯಂದಿರು ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟಳು.

ಗ್ಯಾರೇಜಿನವನು ಬಾಯಿ ತೆರೆದು ಕೇಳಿದ. ಆಮೇಲೆ ಅವನ ಮುಖ ನಿಧಾನವಾಗಿ ಹುಳ್ಳಗಾಯಿತು. "ಅಂದ್ರೆ... ಮತ್ತೆ ಬರಲಿ ಅಂತ ನಿಮಗೆ ಅನ್ಸೋರ ಟಾರ್ಚು ಮಾತ್ರ ಕೆಡಿಸ್ತಿದ್ರಾ?"

"ಹೌದ್ರೀ, ತಪ್ಪಾಯ್ತು."

"ನಂದು ಒಂದು ಸಲಾನೂ ಕೆಟ್ಟಿಲ್ಲ!"

ಟಾರ್ಚಕ್ಕ ಗೋಡೆ ನೋಡಿದಳು. ಅವನು ಟೋಪಿ ಎತ್ತಿಕೊಂಡು, "ಯಾರಿಗೆ ಬೇಕ್ರೀ ನಿಮ್ಮ ಲೇತು" ಎಂದು ದಾಪುಗಾಲು ಹಾಕಿದವನು, ಹಿತ್ತಾಳೆ ಚೂರು ಮೆಟ್ಟಿ ಬಾಗಿಲವರೆಗೆ ಕುಣಿದುಕೊಂಡೇ ಹೋದ.

ಕೋಣೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ಅವನು ಸಿಟ್ಟಿನಿಂದ ಕೆಂಪಾಗಿದ್ದ. ಅವಳಿಗೆ ಹೆದರಿಕೆಯಾಯಿತು, ಹೆದರಿಕೆಯಾದಾಗ ಮಾಡುವುದನ್ನೇ ಮಾಡಿದಳು, ಜೋರು ಮಾಡಿದಳು.

"ಏನ್ ಹಾಗೆ ನೋಡ್ತೀಯಾ? ನೀನು ದಿನಕ್ಕೆ ಎರಡು ಮಾತಾಡಿದ್ರೆ ನಾನ್ಯಾಕೆ ಬೀದಿಯವರ ಟಾರ್ಚು ಕೆಡಿಸ್ತಿದ್ದೆ? ಗೋಡೆ ಹತ್ರ ಮಾತಾಡಿ ಮಾತಾಡಿ ನನಗೆ ಸಾಕಾಗಿದೆ ಕಣೋ!"

"ಮಾತಾಡೋಣ ಅಂತ ಎಷ್ಟು ಸಲ ಬಾಯಿ ತೆಗೆದಿದ್ದೀನಿ" ಎಂದ ಅವನು. "ನೀನು ಎಲ್ಲಿ ಸಂದು ಕೊಟ್ಟೆ?"

ಅವಳು ಉತ್ತರ ಕೊಡಲು ಬಾಯಿ ತೆರೆದಳು. ತೆರೆದದ್ದನ್ನು ಹಾಗೇ ಮುಚ್ಚಿದಳು. ಅದು ಅವಳ ಜೀವನದಲ್ಲಿ ಮೊದಲ ಸಲ.

ಅವನು ಸ್ಟೂಲು ಎಳೆದುಕೊಂಡು ಅವಳೆದುರು ಕೂತ. ನಡುನಡುವೆ ನಿಲ್ಲಿಸಿ, ಪದ ಹುಡುಕಿ ಹುಡುಕಿ ಮಾತಾಡಿದ. "ತುಂಬಾ ಹೆದರಿದ್ದೆ ಅಕ್ಕಾ. ಎದ್ದ ತಕ್ಷಣ ಕೈ ಚಾಚಿ ನೋಡ್ಕೋತಿದ್ದೆ, ನಡುಗುತ್ತಾ ಅಂತ. ನಡುಗ್ತಿರಲಿಲ್ಲ. ಆದ್ರೂ ನಂಬಲಿಲ್ಲ. ಕಣ್ಣು ಅಂದ್ಕೊಂಡೆ, ವಯಸ್ಸು ಅಂದ್ಕೊಂಡೆ, ಹಿತ್ತಾಳೆನೇ ಕಲಬೆರಕೆ ಅಂದ್ಕೊಂಡೆ. ನೀನು ಸುಳ್ಳು ಹೇಳ್ತಿರಬಹುದು ಅಂತ ಮಾತ್ರ ಒಂದು ದಿನಾನೂ ಹೊಳೀಲಿಲ್ಲ."

ಟಾರ್ಚಕ್ಕನಿಗೆ ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಕ್ಷಮೆ ಕೇಳಬೇಕಿತ್ತು, ಅಳಬೇಕಿತ್ತು, ಇನ್ನೊಂದೆರಡು ಸಲ ತನ್ನನ್ನೇ ಬೈದುಕೊಳ್ಳಬೇಕಿತ್ತು. ಆದರೆ ಈಗ ಬಾಯಿ ಹಾಕಿದರೆ ಇವನು ಮತ್ತೆ 'ಹೂಂ'ಗೆ ಇಳಿದುಬಿಡುತ್ತಾನೆಂಬ ಭಯ ಅದೆಲ್ಲಕ್ಕಿಂತ ದೊಡ್ಡದಾಗಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡು, ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಹೇಳು" ಎಂದಳು. "ಇನ್ನೂ ಹೇಳು."