ಬೆಸ ಪಾತ್ರೆ, ಸಮ ಮುಚ್ಚಳ

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನನ್ನ ಅತ್ತೆ ಕಲಿಸಿದ್ದರು. ಬರೆಯಬಾರದು ಅಂತ ಹೇಳಿರಲಿಲ್ಲ. ಹಾಗಾಗಿ ಬರೆಯುತ್ತೇನೆ: ಕೊರಗ. ಊರು ಮೂಲ್ಕಿಯ ಹತ್ತಿರ. ಈಗ ಬಹ್ರೈನಿನ ಬುದಯ್ಯದಲ್ಲಿ ಒಂದು ಕಾಂಪೌಂಡಿನ ಡ್ರೈವರ್. ಗೋಡೆಯೊಳಗೆ ಸಾಲಾಗಿ ವಿಲ್ಲಾಗಳಿರುತ್ತವಲ್ಲ, ಅಲ್ಲಿ ಬಾಡಿಗೆಗಿರುವ ಯುರೋಪಿನವರನ್ನು ಬೇಕಾದಲ್ಲಿಗೆ ಬಿಟ್ಟು ಮತ್ತೆ ಕರೆತರುವ ಕೆಲಸ. ನಾನು ಬೇಬಿ, ಅದೇ ರಸ್ತೆಯ ನರ್ಸರಿಯಲ್ಲಿ ಆಯಾ. ದಿನವಿಡೀ ಮಕ್ಕಳ ಮೂಗು ಒರೆಸಿ ಮನೆಗೆ ಬಂದರೆ ಇವರೊಬ್ಬರು ಬಾಕಿ ಇರುತ್ತಾರೆ.

ನಮ್ಮ ಕನ್ನಡ ಕೂಟದ ಅಧ್ಯಕ್ಷರಾದ ಜಯಂತಣ್ಣ ಸ್ಮರಣ ಸಂಚಿಕೆಯಲ್ಲಿ ಇವರ ಬಗ್ಗೆ ನಾಲ್ಕು ಸಾಲು ಬರೆದಿದ್ದಾರೆ. ಸರಳ, ಸಜ್ಜನ, ಪಾಕಪ್ರವೀಣ ಅಂತ. ಸರಳ ಹೌದು. ಉಳಿದದ್ದಕ್ಕೆ ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಪಾಕದ ಸಂಗತಿ ಹೀಗೆ. ಕೂಟದ ಹಬ್ಬದೂಟಕ್ಕೆ ಮೊದಲಿನಿಂದಲೂ ಇವರದೇ ಅಡುಗೆ. ವಾರವಿಡೀ ಇವರು ಎಲ್ಲರಿಗೂ ಬರೀ ಡ್ರೈವರ್. ಹಬ್ಬದ ದಿನ ಮಾತ್ರ ಎಂಜಿನಿಯರುಗಳು, ಬ್ಯಾಂಕಿನ ದೊಡ್ಡವರು ಎಲೆ ಮುಂದೆ ಕೂತು, ಕೊರಗಣ್ಣ ಇನ್ನೊಂದು ಸೌಟು ಅಂತ ಗೋಗರೆಯುತ್ತಾರೆ. ಆ ಒಂದು ದಿನಕ್ಕಾಗಿ ಇವರು ಉಳಿದ ದಿನ ಗಾಡಿ ಓಡಿಸುವುದು. ಆದರೆ ಕೊರೊನಾ ಬಂದು ಹೋಗುವಾಗ ಇವರ ನಾಲಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಉಳಿದವರಿಗೆಲ್ಲ ವಾಪಸ್ ಬಂತು, ಇವರಿಗೆ ಬರಲಿಲ್ಲ. ಕಣ್ಣುಮುಚ್ಚಿ ಕೊಟ್ಟರೆ ಬೆಲ್ಲವನ್ನೂ ಸಾಬೂನನ್ನೂ ಒಂದೇ ಸಮನೆ ತಿನ್ನುತ್ತಾರೆ. ಗೊತ್ತಾದರೆ ಕೂಟದವರು ಹೋಟೆಲಿನಿಂದ ಊಟ ತರಿಸುತ್ತಾರೆ, ತಾನು ಮತ್ತೆ ಬರೀ ಡ್ರೈವರ್ ಆಗುತ್ತೇನೆ ಅಂತ ಇವರಿಗೆ ಭಯ. ಯಾರಿಗೂ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡರು.

ಅಂದಿನಿಂದ ನಾನು ಒಲೆಯ ಪಕ್ಕ ನಿಂತು ರುಚಿ ನೋಡುತ್ತೇನೆ. ಒಂದು ಸಲ ಕೆಮ್ಮಿದರೆ ಉಪ್ಪು ಬೇಕು, ಎರಡು ಸಲ ಕೆಮ್ಮಿದರೆ ಹುಳಿ ಬೇಕು, ಸೆರಗು ಸರಿಮಾಡಿದರೆ ಬೆಲ್ಲ. ಒಂದು ಯುಗಾದಿಗೆ ನನಗೆ ನಿಜವಾಗಿಯೂ ಶೀತ ಕೆಮ್ಮು ಹಿಡಿದಿತ್ತು. ಆ ಸಾಂಬಾರನ್ನು ಉಂಡವರು ಇವತ್ತಿಗೂ ನೀರು ಕುಡಿಯುತ್ತಿರಬಹುದು.

ಇಷ್ಟರಲ್ಲಿ ಕಾಂಪೌಂಡಿಗೆ ಕ್ಯಾರೆನ್ ಮೇಡಂ ಬಂದರು. ಬೆಲ್ಜಿಯಂ ದೇಶದ ಪ್ರೊಫೆಸರ್, ಇಲ್ಲಿಯ ಹಳೇ ಸಮಾಧಿ ದಿಬ್ಬಗಳನ್ನು ಅಧ್ಯಯನ ಮಾಡುವವರು. ದಿನಾ ಬೆಳಿಗ್ಗೆ ಅವರನ್ನು ದಿಬ್ಬಕ್ಕೆ ಬಿಡುವುದು ಇವರ ಪಾಲಿಗೆ ಬಂತು. ಆ ಮೇಡಂಗೆ ಗಾಡಿಯಲ್ಲಿ ಸುಮ್ಮನೆ ಕೂತು ಗೊತ್ತಿಲ್ಲ, ಇವರಿಗೆ ಸುಮ್ಮನೆ ಕೇಳಿ ಗೊತ್ತಿಲ್ಲ. ಇಂಗ್ಲಿಷು ಅರ್ಧ ಅರ್ಥವಾಗುತ್ತದೆ, ಉಳಿದರ್ಧ ಇವರೇ ಸೇರಿಸುತ್ತಾರೆ.

ಸಾಯಂಕಾಲ ಚಹಾ ಕುಡಿಯುತ್ತಾ ನನಗೆ ಪಾಠ. ಲೂವೆನ್ ಅಂತ ಒಂದು ಊರು, ಅಲ್ಲಿ ಆರುನೂರು ವರ್ಷದ ವಿಶ್ವವಿದ್ಯಾಲಯ. ಅಲ್ಲಿ ಎರಡು ಭಾಷೆಯವರಿಗೆ ಜಗಳವಾಗಿ, ಫ್ರೆಂಚ್ ಮಾತಾಡುವವರು ಹೊರಗೆ ಹೋಗಬೇಕಾಯಿತಂತೆ. ಅವರೇನು ಅಳುತ್ತಾ ಕೂತರಾ? ಗದ್ದೆ ಬಯಲಲ್ಲಿ ನಕ್ಷೆ ಹಾಕಿ ಒಂದು ಹೊಸ ಊರನ್ನೇ ಕಟ್ಟಿದರು. ಊರಿನ ನಡುವೆ ಎಲ್ಲರೂ ಕಾಲ್ನಡಿಗೆ, ಗಾಡಿಗಳೆಲ್ಲ ಕಾಂಕ್ರೀಟ್ ಚಪ್ಪಡಿಯ ಕೆಳಗೆ, ನೆಲದಡಿ. ಹಾಗಾದರೆ ಡ್ರೈವರುಗಳ ಗತಿ ಏನು ಅಂತ ಇವರು ಚಿಂತೆ ಮಾಡಿದ್ದೂ ಉಂಟು. ಆಮೇಲೆ ಲೈಬ್ರರಿ ಪಾಲಾಗಬೇಕು. ಲಕ್ಷಗಟ್ಟಲೆ ಪುಸ್ತಕ, ಯಾರಿಗೆ ಯಾವುದು? ವಿದ್ವಾಂಸರು ಎಂತ ಮಾಡಿದರು ಗೊತ್ತುಂಟಾ ಅಂತ ಇವರು ನನ್ನನ್ನೇ ಕೇಳುವುದು. ಪುಸ್ತಕಕ್ಕೆ ಅಂಟಿಸಿದ ನಂಬರು ಬೆಸವಾದರೆ ಒಬ್ಬರಿಗೆ, ಸಮವಾದರೆ ಇನ್ನೊಬ್ಬರಿಗೆ. ಖಲಾಸ್.

ಆಮೇಲೆ ಎಂತಾಯ್ತು ಅಂತ ನಾನು ಕೇಳಿದೆ. ಗೊತ್ತಿಲ್ಲ, ಅಷ್ಟರಲ್ಲಿ ದಿಬ್ಬ ಬಂತು, ಮೇಡಂ ಇಳಿದರು ಅಂದರು. ಆ ದಿಬ್ಬ ಒಂದು ಮೈಲಿ ಆಚೆ ಇದ್ದಿದ್ದರೆ ನಮಗೆ ಈ ಗ್ರಹಚಾರ ಬರುತ್ತಿರಲಿಲ್ಲ.

ಯಾಕೆಂದರೆ ಆ ತಿಂಗಳೇ ಕೂಟದಲ್ಲಿ ಅನ್ನದ ಜಗಳ ಶುರುವಾಯಿತು. ಕರಾವಳಿಯ ನಮಗೆ ಹಬ್ಬಕ್ಕೂ ಕುಚ್ಚಲಕ್ಕಿ ಅನ್ನ ಬೇಕು. ಬೆಂಗಳೂರು ಕಡೆಯವರಿಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಅವರ ಪರವಾಗಿ ಶಂಕರನಾರಾಯಣ ಎದ್ದು ನಿಂತರು. ಹಿದ್ ಬಂದರಿನ ಹತ್ತಿರ ಎಂಜಿನಿಯರು, ಅಂಗಿಯ ಕಿಸೆಯಲ್ಲಿ ಯಾವಾಗಲೂ ಅಳತೆ ಟೇಪು. ಕುಚ್ಚಲಕ್ಕಿಯನ್ನು ಜಲ್ಲಿಕಲ್ಲು ಅಂದರು. ಜಯಂತಣ್ಣ ಅವರ ಸೋನಾ ಮಸೂರಿಯನ್ನು ಕಾಯಿಲೆಯವರ ಊಟ ಅಂದರು. ಮಾತಿಗೆ ಮಾತು ಬೆಳೆದು ಕೂಟವೇ ಎರಡಾಗಲಿ ಅನ್ನುವಲ್ಲಿಗೆ ಬಂತು. ಆದರೆ ಸಾಮಾನು ಪಾಲು ಮಾಡುವುದು ಹೇಗೆ ಅಂತ ಎಲ್ಲರೂ ತಲೆ ಕೆರೆದುಕೊಂಡರು.

ಆಗ ಹಿಂದಿನ ಸಾಲಿನಿಂದ ನನ್ನ ಗಂಡ ಎದ್ದರು. ನಾನು ಅಂಗಿಯ ತುದಿ ಹಿಡಿದು ಎಳೆದೆ. ಕೂರಲಿಲ್ಲ. ಆರುನೂರು ವರ್ಷದ ವಿದ್ವಾಂಸರ ಕಥೆಯನ್ನು ಅಷ್ಟೂ ಹೇಳಿದರು. ಡ್ರೈವರನ ಬಾಯಲ್ಲಿ ಬೆಲ್ಜಿಯಂ ಕೇಳಿ ಸಭೆ ಬೆರಗಾಯಿತು. ಶಂಕರನಾರಾಯಣರು ಚಪ್ಪಾಳೆ ತಟ್ಟಿದರು. ಇವರು ಮದುಮಗನ ಹಾಗೆ ನಾಚಿಕೊಂಡು ಕೂತರು.

ಕೂಟದ ಸಾಮಾನು ಕಳೆದುಹೋಗಬಾರದೆಂದು ಎಲ್ಲಕ್ಕೂ ಪೇಂಟಿನಲ್ಲಿ ನಂಬರು ಹಾಕಿದ್ದರು. ಪಾತ್ರೆಗೆ ಒಂದು ನಂಬರು, ಅದರ ಮುಂದಿನದು ಮುಚ್ಚಳಕ್ಕೆ. ಬೆಸ ನಂಬರು ಜಯಂತಣ್ಣನ ಬುದಯ್ಯದ ಕೂಟಕ್ಕೆ, ಸಮ ನಂಬರು ಶಂಕರನಾರಾಯಣರ ಹಿದ್‌ನ ಕೂಟಕ್ಕೆ ಅಂತಾಯಿತು. ಆದ್ದರಿಂದ ಬುದಯ್ಯದವರಿಗೆ ಅಷ್ಟೂ ಪಾತ್ರೆ ಬಂತು, ಹಿದ್‌ನವರಿಗೆ ಅಷ್ಟೂ ಮುಚ್ಚಳ ಹೋಯಿತು. ಮೈಕು ಬುದಯ್ಯಕ್ಕೆ, ಅದರ ವೈರು ಹಿದ್‌ಗೆ. ಕಲಿತವರೇ ತುಂಬಿದ ಸಭೆಯಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ, ಯುರೋಪಿನ ನಿಯಮ ನೋಡಿ.

ಅಷ್ಟಕ್ಕೇ ನಿಂತಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕರಾವಳಿಯವರೇ ಜಾಸ್ತಿ ಇರುವುದರಿಂದ ಜನರನ್ನೂ ಸದಸ್ಯ ನಂಬರಿನ ಪ್ರಕಾರವೇ ಹಂಚಿದರೆ ನ್ಯಾಯ ಅಂತ ಶಂಕರನಾರಾಯಣರು ಹೇಳಿದರು. ಎಲ್ಲರೂ ತಲೆಯಾಡಿಸಿದರು. ಹಾಗೆ ಹಂಚಿದರೆ ಕುಚ್ಚಲಕ್ಕಿಯವರೂ ಸೋನಾ ಮಸೂರಿಯವರೂ ಎರಡೂ ಕಡೆ ಇರುತ್ತಾರಲ್ಲ, ಮತ್ತೆ ಒಡೆದದ್ದು ಯಾಕೆ ಅಂತ ಯಾರಿಗೂ ಹೊಳೆಯಲಿಲ್ಲ. ನಾವಿಬ್ಬರೂ ಕೂಟಕ್ಕೆ ಒಟ್ಟಿಗೆ ಸೇರಿದವರು. ಇವರದು ಹದಿನೇಳು, ನನ್ನದು ಹದಿನೆಂಟು. ಇವರು ಬುದಯ್ಯದ ಕೂಟ, ನಾನು ಹಿದ್‌ನ ಕೂಟ. ನಡುವೆ ಇಡೀ ದ್ವೀಪ.

ಮನೆಗೆ ಬಂದ ಮೇಲೆ ಇವರಿಗೆ ತಲೆಗೆ ಹೋಯಿತು. ಕುರ್ಚಿಯಲ್ಲಿ ಕುಸಿದು ಕೂತರು. ಇನ್ನು ರುಚಿ ನೋಡುವವರು ಯಾರು? ನನ್ನ ನಂಬರು ಬದಲಾಯಿಸಿ ಅಂತ ಹೇಳಿ ಬನ್ನಿ ಅಂದೆ. ತಾನೇ ಹೇಳಿದ ನಿಯಮವನ್ನು ತಾನೇ ಮುರಿಯುವುದಾ, ಯಾಕೆ ಅಂತ ಕೇಳಿದರೆ ಎಂತ ಹೇಳುವುದು ಅಂದರು. ಹೆಂಡತಿ ಬೇಕು ಅಂತ ಹೇಳಿ ಅಂದೆ. ಅದಕ್ಕೆ ಇವರಿಗೆ ನಾಚಿಕೆ. ಬೆಲ್ಜಿಯಂ ಕಥೆ ಹೇಳುವಾಗ ಇಲ್ಲದ ನಾಚಿಕೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ರಾತ್ರಿ ಚಪಾತಿಯನ್ನು ಒಂದೇ ಬದಿ ಕಾಯಿಸಿ ಕೊಟ್ಟೆ. ಇವರಿಗೆ ಗೊತ್ತೇ ಆಗಲಿಲ್ಲ.

ರಾಜ್ಯೋತ್ಸವದ ಊಟ ಎರಡೂ ಕಡೆ ಒಂದೇ ಶುಕ್ರವಾರ. ಶಂಕರನಾರಾಯಣರು ಹಿದ್‌ನಲ್ಲಿ ಒಂದು ಗೋದಾಮು ಹಿಡಿದು, ಬೆಲ್ಜಿಯಂನ ಆ ಹೊಸ ಊರಿನ ಹಾಗೆಯೇ ಇರಬೇಕೆಂದು ನಕ್ಷೆ ಹಾಕಿದ್ದರು. ಗಾಡಿಗಳೆಲ್ಲ ದೂರದಲ್ಲೇ ನಿಲ್ಲಬೇಕು, ಜನ ನಡೆದೇ ಬರಬೇಕು. ನಾವು ಹೆಂಗಸರು ರೇಷ್ಮೆ ಸೀರೆ ಎತ್ತಿ ಹಿಡಿದು, ಕಂಟೇನರುಗಳ ಸಂದಿಯಲ್ಲಿ ಮರಳು ತುಳಿಯುತ್ತಾ ಹೋದೆವು. ಒಳಗೆ ಒಂದು ಮೂಲೆಯಲ್ಲಿ ಮುಚ್ಚಳಗಳ ರಾಶಿ. ಪಾತ್ರೆಯಿಲ್ಲದ್ದಕ್ಕೆ ಹೋಟೆಲಿನಿಂದ ಊಟ ತರಿಸಿದ್ದರು, ಅನ್ನ ಯಾವುದೆಂದು ಅಲ್ಲಿಯೂ ಜಗಳ ನಡೆಯುತ್ತಿತ್ತು. ನನ್ನ ಮನಸ್ಸು ಬುದಯ್ಯದ ಒಲೆಯ ಹತ್ತಿರ ಇತ್ತು. ಇವರು ಕಣ್ಣಂದಾಜಿನಲ್ಲಿ ಉಪ್ಪು ಹಾಕಿ, ಎಲ್ಲರ ಎದುರು ಮರ್ಯಾದೆ ಕಳೆದುಕೊಳ್ಳುತ್ತಾರಲ್ಲ ಅಂತ ಅದೇ ಯೋಚನೆ.

ಮುಖ್ಯ ಅತಿಥಿ ಕ್ಯಾರೆನ್ ಮೇಡಂ. ಅವರಿಗೆ ಮುಚ್ಚಳದ ರಾಶಿಯನ್ನು ಹೆಮ್ಮೆಯಿಂದ ತೋರಿಸಿ, ನಿಮ್ಮ ವಿಶ್ವವಿದ್ಯಾಲಯವೇ ನಮಗೆ ದಾರಿ ತೋರಿಸಿದ್ದು ಅಂತ ಶಂಕರನಾರಾಯಣರು ವಿವರಿಸಿದರು. ಆ ತಾಯಿ ಕೆನ್ನೆಗೆ ಕೈ ಇಟ್ಟುಕೊಂಡು ನಿಂತರು. ಆಮೇಲೆ ವೈರಿದ್ದು ಮೈಕಿಲ್ಲದ ವೇದಿಕೆಯಿಂದ ಜೋರಾಗಿ ಕಥೆಯ ಉಳಿದರ್ಧ ಹೇಳಿದರು. ಒಂದೇ ಗ್ರಂಥದ ಮೊದಲ ಸಂಪುಟ ಒಂದು ಊರಿಗೂ ಎರಡನೆಯದು ಇನ್ನೊಂದು ಊರಿಗೂ ಹೋಯಿತೆಂದು ತಮ್ಮಲ್ಲಿ ಇವತ್ತಿಗೂ ನಗುತ್ತಾರಂತೆ. ಅವರ ಗುರುಗಳು ಆ ಇನ್ನರ್ಧಕ್ಕಾಗಿ ಜಗಳವಾಡಿದವರ ಬಾಗಿಲಿಗೇ ಹೋಗಿಬರುತ್ತಿದ್ದರಂತೆ. ಅದು ನಮ್ಮ ವಿದ್ವಾಂಸರ ಹುಚ್ಚು, ನೀವು ಯಾಕೆ ಮಾಡಿದಿರಿ ಅಂತ ಕೇಳಿದರು. ಎಲ್ಲರೂ ನನ್ನ ಗಂಡ ಎಲ್ಲಿ ಅಂತ ಹುಡುಕಿದರು. ಅವರು ಬೆಸ, ಅಲ್ಲಿರಲಿಲ್ಲ.

ಆಗ ಹೊರಗೆ ಹಾರ್ನ್ ಕೇಳಿಸಿತು. ಗಾಡಿ ಬರಬಾರದ ದಾರಿಯಲ್ಲೇ ಬಂದು, ಪಿಕಪ್ಪನ್ನು ಬಾಗಿಲಿಗೇ ನಿಲ್ಲಿಸಿ ಇವರು ಇಳಿದರು. ಹೆಗಲಲ್ಲಿ ಕೈ ಒರೆಸುವ ಬೈರಾಸು, ಕೈಯಲ್ಲಿ ಬಾಯಿಗೆ ಬಾಳೆಲೆ ಕಟ್ಟಿದ ಒಂದು ಕ್ಯಾನು. ನೇರ ನನ್ನ ಹತ್ತಿರ ಬಂದು, ಕ್ಯಾನಿನಿಂದ ಒಂದು ಸೌಟು ಸಾಂಬಾರು ತೆಗೆದು ನನ್ನ ಮುಂದೆ ಹಿಡಿದರು.

"ಉಪ್ಪು ನೋಡು."

ಎಲ್ಲರೂ ನೋಡುತ್ತಿದ್ದಾರೆ, ಮೆಲ್ಲ ಮಾತಾಡಿ ಅಂದೆ.

"ನೋಡ್ಲಿ. ನಾಲಗೆ ಸತ್ತಿದೆ ಅಂತ ಜಯಂತಣ್ಣನ ಹತ್ರ ಹೇಳಿ ಆಯ್ತು. ಕಮಿಟಿಯವರೆಲ್ಲ ಒಬ್ಬೊಬ್ಬರಾಗಿ ರುಚಿ ನೋಡಿದ್ರು. ಒಬ್ಬ ಉಪ್ಪು ಅಂದ, ಒಬ್ಬ ಹುಳಿ ಅಂದ, ಒಬ್ಬ ಬೆಲ್ಲ ಅಂದ. ಹೇಳಿದ್ದನ್ನೆಲ್ಲ ಹಾಕಿದೆ."

ಇಷ್ಟು ವರ್ಷ ಜೋಪಾನ ಮಾಡಿದ ಗುಟ್ಟನ್ನು ಇವರು ಬಸ್ಸಿನ ಟೈಮ್ ಹೇಳಿದ ಹಾಗೆ ಹೇಳಿಬಿಟ್ಟಿದ್ದರು. ಶಂಕರನಾರಾಯಣರು ಹತ್ತಿರ ಬಂದರು. "ಅಲ್ಲ ಕೊರಗಣ್ಣ, ಅಷ್ಟು ಜನ ಟೇಸ್ಟ್ ಮಾಡಿದ್ಮೇಲೆ ಇಷ್ಟು ದೂರ ಯಾಕ್ ಬಂದ್ರಿ?"

"ಅವರು ಹೇಳಿದ್ದು ಅವರವರ ರುಚಿ, ಸರ್. ನನಗೆ ನನ್ನ ರುಚಿ ಬೇಕು. ಅದು ಇವಳ ಬಾಯಲ್ಲಿ ಉಂಟು."

ಮದುವೆಯಾದ ಮೇಲೆ ಈ ಮನುಷ್ಯ ನನಗೆ ಒಂದು ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ. ಆಡುವುದಾದರೆ ಹೀಗೆ ಪರವೂರಿನವರು, ಪ್ರೊಫೆಸರು, ಎರಡು ಅನ್ನದವರು ಎಲ್ಲ ಸೇರಿದಲ್ಲಿ ಆಡಬೇಕಾ? ಸೌಟಿನಲ್ಲಿದ್ದದ್ದನ್ನು ಬಾಯಿಗೆ ಹಾಕಿದೆ. ಅಯ್ಯೋ ದೇವರೇ, ಅದನ್ನು ಸಾಂಬಾರು ಅನ್ನುವ ಹಾಗೇ ಇರಲಿಲ್ಲ. ಕಣ್ಣಲ್ಲಿ ದಳದಳ ನೀರು ಬಂತು. ಪಕ್ಕದಲ್ಲಿದ್ದ ಕೂಟದ ಚಿತ್ರಾ ಖಾರಕ್ಕಿರಬೇಕೆಂದು ನೀರಿನ ಬಾಟಲಿ ಕೊಟ್ಟಳು. ಖಾರ ಒಂದು ಮಾತ್ರ ಅದರಲ್ಲಿ ಇರಲಿಲ್ಲ.

"ಹೇಗುಂಟು?" ಅಂತ ಇವರು ನನ್ನ ಮುಖವನ್ನೇ ನೋಡುತ್ತಾ ಕೇಳಿದರು.

"ಚೆಲ್ಲಿ ಅದನ್ನು," ಅಂದೆ. "ಬನ್ನಿ, ಹೊಸತು ಮಾಡುವ."

ಬಹುಮಾನ ಬಂದವರ ಹಾಗೆ ನಕ್ಕರು ಈ ಪುಣ್ಯಾತ್ಮ. ಬೇಬಿಯವರೇ, ನೀವು ನಮ್ಮ ಕೂಟದ ಸದಸ್ಯರು ಅಂತ ಶಂಕರನಾರಾಯಣರು ಹಿಂದಿನಿಂದ ಏನೋ ಹೇಳುತ್ತಿದ್ದರು. ನಾನು ಸೀರೆ ಎತ್ತಿ ಕಟ್ಟಿ, ಪಿಕಪ್ಪಿನಲ್ಲಿ ಇವರ ಪಕ್ಕ ಹತ್ತಿ ಕೂತು ಬಾಗಿಲು ಹಾಕಿಕೊಂಡೆ.