ಉಮಾ ಶ್ವಾಸಕೋಶವಾಗಿದ್ದ ಮಧ್ಯಾಹ್ನ

ಆಗೆಲ್ಲ ನಮ್ಮ ಕುರುಗೋಡಿಗೆ ಬೇಸಿಗೆಗಿಂತ ಮೊದಲು ಮೆಣಸಿನಕಾಯಿಯ ಘಾಟು ಬಂದುಬಿಡುತ್ತಿತ್ತು. ಅಂಗಳ, ಮಾಳಿಗೆ, ರಸ್ತೆಯ ಬದಿ ಎಲ್ಲೆಲ್ಲೂ ಕೆಂಪು. ಸೀನುತ್ತಲೇ ಶಾಲೆಗೆ ಓಡುತ್ತಿದ್ದೆವು. ನನ್ನ ತಂಗಿ ಉಮಾ ಮಾತ್ರ ಓಡುವಂತಿರಲಿಲ್ಲ. ಹುಟ್ಟಿದಾಗಿನಿಂದ ಅವಳ ಹೃದಯದಲ್ಲೊಂದು ತೂತು. ಸ್ವಲ್ಪ ಆಡಿದರೂ ತುಟಿ ನೇರಳೆಹಣ್ಣು ತಿಂದಂತಾಗುತ್ತಿತ್ತು. ಆಪರೇಷನ್ ಆಗಲೇಬೇಕಿತ್ತು. ಅವಳೋ, "ನಾ ಸತ್ರೂ ಎದಿ ಕೊಯ್ಸಿಕೊಳ್ಳಂಗಿಲ್ಲ" ಎಂದು ಮಂಚದ ಕೆಳಗೆ ಸೇರಿಬಿಡುತ್ತಿದ್ದಳು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನಾವು ಆಡುವಾಗ ಉಮಾ ಕಟ್ಟೆಯ ಮೇಲೆ ಕೂತು ನಮ್ಮ ಚಪ್ಪಲಿ ಕಾಯುತ್ತಿದ್ದಳು. ಮನೆಗೆ ಮರಳುವಾಗ ನಾನು ಅವಳ ಕೈ ಹಿಡಿದು, "ನಿಧಾನ ಬಾರವ್ವ, ನಾ ಅದೀನಿ" ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ, ಬಳ್ಳಾರಿಯಿಂದ ಬಸ್ಸಿಗೆ ಬರುತ್ತಿದ್ದ ಶಾಹೀನಾ ಟೀಚರ್ ಶಾಲೆಯ ಬಯಲಿನಲ್ಲಿ ಸುಣ್ಣದ ಪುಡಿಯಿಂದ ದೊಡ್ಡದೊಂದು ಹೃದಯ ಬರೆದರು. ನಾಲ್ಕು ಕೋಣೆ, ನಡುವೆ ಗೋಡೆ. ಅವರ ಅಣ್ಣ ಜೀನ್ಸ್ ಹೊಲಿಯುವವರು. ಅವರ ಹತ್ತಿರದಿಂದ ತಂದ ನೀಲಿ ಚಿಂದಿಗಳನ್ನು ನಮಗೆ ಹಂಚಿದರು. ನಾವೆಲ್ಲ ರಕ್ತ! ಮೈಯೆಲ್ಲ ಸುತ್ತಿ ದಣಿದು ಬಂದ ನೀಲಿ ರಕ್ತ ಬಲಗಡೆಯ ಕೋಣೆಗಳನ್ನು ಹಾದು ಶ್ವಾಸಕೋಶಕ್ಕೆ ಹೋಗಬೇಕು. ಅಲ್ಲಿ ಚಿಂದಿ ಕೊಟ್ಟು, ಕೆಂಪು ಮೆಣಸಿನಕಾಯಿ ಇಸಿದುಕೊಂಡು, ಎಡಗಡೆಯ ಕೋಣೆಗಳಿಂದ ಮತ್ತೆ ಮೈಗೆ ಓಡಬೇಕು.

"ಶ್ವಾಸಕೋಶ ಓಡಂಗಿಲ್ಲ. ಉಮಾ, ನೀ ಬಾರಮ್ಮ" ಅಂದರು ಟೀಚರ್.

ಉಮಾ ಉಡಿ ತುಂಬ ಮೆಣಸಿನಕಾಯಿ ಹಿಡಿದು ನಿಂತಳು. "ಬರ್ರಲೇ! ನನ್ನ ಬಿಟ್ಟು ಯಾರೂ ಕೆಂಪಾಗಂಗಿಲ್ಲ!"

ಬಿಸಿಲು, ಧೂಳು, ಸೀನು, ನಗು. ಕನಸಿನಲ್ಲಿ ಓಡಿದಂತೆ ಓಡಿದೆವು, ಕಾಲು ನೆಲ ಮುಟ್ಟಿದ್ದೇ ನೆನಪಿಲ್ಲ.

ಆಮೇಲೆ ಅವಳೇ ಕೇಳಿದಳು, "ಟೀಚರ್, ನನ್ನ ತೂತು ಎಲ್ಲೈತ್ರಿ?"

ಟೀಚರ್ ಬಗ್ಗಿ, ನಡುಗೋಡೆಯ ಸುಣ್ಣವನ್ನು ಗೇಣುದ್ದ ಅಳಿಸಿದರು. ಮತ್ತೆ ಆಟ. ನೀಲಿ ಚಿಂದಿ ಹಿಡಿದಿದ್ದ ನಾನು ಹತ್ತಿರದ ದಾರಿ ಸಿಕ್ಕಿತೆಂದು ಆ ಸಂದಿಯಲ್ಲೇ ನುಸುಳಿ ಎಡಗಡೆಯಿಂದ ಹೊರಬಿದ್ದೆ.

"ಅಕ್ಕಾ, ನನ್ನ ಹತ್ರ ಬರದನ ಹೋದೆಲ್ಲ! ನೀ ಇನ್ನೂ ನೀಲಿ ಅದಿ!" ಎಂದು ಕೂಗಿದವಳು ತಟ್ಟನೆ ತನ್ನ ತುಟಿ ಮುಟ್ಟಿಕೊಂಡಳು. "ಇದಕ್ಕೇ ಏನ್ರಿ ಟೀಚರ್, ನನಗ ದಮ್ಮು ಹತ್ತೋದು?"

ಟೀಚರ್ ಹೌದೆಂದು ತಲೆಯಾಡಿಸಿದರು. ಉಮಾ ಒಂದು ಮುಷ್ಟಿ ಸುಣ್ಣ ತಂದು ಆ ಸಂದಿಯನ್ನು ತಾನೇ ಮುಚ್ಚಿದಳು. ಮನೆಗೆ ಬಂದವಳೇ, "ಅವ್ವಾ, ದವಾಖಾನಿಗೆ ಯಾವಾಗ ಹೋಗೂದು?" ಅಂದಳು.

ಹೋದಳು, ಗೆದ್ದು ಬಂದಳು. ಮರುವರ್ಷ ನಮ್ಮನ್ನೆಲ್ಲ ಹಿಂದೆ ಹಾಕಿ ಓಡಿದಳು. ಈಗ ಸಿರುಗುಪ್ಪದಲ್ಲಿ ಗಂಡನ ಜೊತೆ ಭತ್ತದ ಗದ್ದೆ ನೋಡಿಕೊಳ್ಳುತ್ತಾಳೆ. ಫೋನ್ ಮಾಡಿದರೆ, "ಆಮ್ಯಾಲೆ ಮಾಡ್ತೀನಿ ಅಕ್ಕಾ, ಕೆಲಸ ಐತಿ" ಎಂದು ಇಟ್ಟುಬಿಡುತ್ತಾಳೆ. ಶಾಲೆಯ ಬಯಲಿಗೆ ಸಿಮೆಂಟು ಬಿದ್ದಿದೆ. ನನಗೆ ಸಂತೋಷವೇ, ದೇವರಾಣೆ. ಆದರೆ "ನಿಧಾನ ಬಾರವ್ವ, ನಾ ಅದೀನಿ" ಅನ್ನಲು ನನಗೊಬ್ಬಳು ತಂಗಿ ಇದ್ದಳು. ಅವಳನ್ನು ನಾನು ದವಾಖಾನೆಯಲ್ಲೇ ಬಿಟ್ಟು ಬಂದೆ.