ಪರದೆ ಅಕ್ಕನ ಭಾರದ ವಿಮಾನ

ಕಿಟಕಿ ಪರದೆ, ಸೋಫಾ ಕವರು ಹೊಲಿಯುವ ಅಂಗಡಿ ಅವರದು. ಗಿರಾಕಿಗಳಿಗೆಲ್ಲ ಅವರು ಪರದೆ ಅಕ್ಕ. ವಯಸ್ಸು ಐವತ್ತು ದಾಟಿದೆ. ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಹತ್ತಿಸಿದ್ದು ಮೈದುನ. ಅವನದು ಡ್ರೈವಿಂಗ್ ಸ್ಕೂಲು. ಅದರ ಮಹಡಿಯಲ್ಲಿ ನಾಲ್ಕು ಕಂಪ್ಯೂಟರಿಟ್ಟು ಒಂದು ಕ್ಲಬ್ಬು ನಡೆಸುತ್ತಾನೆ.

ಅಕ್ಕನ ಮನೆ ವಿಮಾನ ನಿಲ್ದಾಣದ ರನ್‌ವೇ ನೇರಕ್ಕಿದೆ. ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಅವರು ಗಮನಿಸಿದ್ದು ಇಷ್ಟು: ಚಳಿಯ ಬೆಳಿಗ್ಗೆ ಎದುರು ಕಟ್ಟಡದ ನೀರಿನ ಟ್ಯಾಂಕಿಗಿಂತ ಬಹಳ ಮೇಲೆ ಹೋಗುವ ವಿಮಾನ, ಬಿಸಿಲೇರಿದ ಮಧ್ಯಾಹ್ನ ಟ್ಯಾಂಕನ್ನು ಸವರಿಕೊಂಡು ಹೋದಂತೆ ಕಾಣುತ್ತಿತ್ತು. ಕ್ಲಬ್ಬಿನ ಕಂಪ್ಯೂಟರಿನೊಳಗಿನ ಪ್ರಯಾಣಿಕ ವಿಮಾನಕ್ಕೆ ಮಾತ್ರ ಬಿಸಿಲು, ಚಳಿ, ತುಂಬಿದ ಸೀಟು ಎಲ್ಲವೂ ಒಂದೇ.

“ಇದೇನೋ, ವಿಮಾನವೋ ಗಾಳಿಪಟವೋ?” ಎಂದು ಮೈದುನನನ್ನು ಕೇಳಿದರು.

“ಹಾರುತ್ತಲ್ಲ ಅತ್ತಿಗೆ, ಸಾಲದಾ? ನಿಮಗೆ ಎಲ್ಲದರಲ್ಲೂ ಸುಕ್ಕೇ ಕಾಣ್ಸತ್ತೆ.”

“ಇದ್ರೆ ಕಾಣ್ಸತ್ತೆ.”

ಇಂಥ ವಿಮಾನದ ನಡತೆಯೆಲ್ಲ ಅಂಕಿಗಳ ಒಂದು ಫೈಲಿನಲ್ಲಿರುತ್ತದೆ. ಯಾವ ಎತ್ತರದಲ್ಲಿ, ಎಂಥ ಸೆಕೆಯಲ್ಲಿ ಎಂಜಿನ್ ಎಷ್ಟು ನೂಕಬೇಕು, ಗಾಳಿ ಎಷ್ಟು ತಡೆಯಬೇಕು ಎಂಬುದೆಲ್ಲ ಅಲ್ಲಿಯೇ. ಅದನ್ನು ತಿದ್ದಲೆಂದು ಅಕ್ಕ ಪೈಲಟ್‌ಗಳ ಕೈಪಿಡಿಯ ಕೋಷ್ಟಕಗಳನ್ನು ಪಕ್ಕಕ್ಕಿಟ್ಟುಕೊಂಡು ಒಂದು ಅಂಕಿ ಬದಲಿಸುತ್ತಿದ್ದರು, ಹಾರಿಸುತ್ತಿದ್ದರು, ಏರುವ ವೇಗವನ್ನು ಕೋಷ್ಟಕಕ್ಕೆ ಹಿಡಿದು ನೋಡುತ್ತಿದ್ದರು. ಒಂದೇ ಸಲಕ್ಕೆ ಎರಡು ಅಂಕಿ ಮುಟ್ಟುತ್ತಿರಲಿಲ್ಲ. ಎರಡು ಕಡೆ ಹೊಲಿಗೆ ಒಟ್ಟಿಗೆ ಬಿಚ್ಚಿದರೆ ಬಟ್ಟೆ ಎಲ್ಲಿ ಎಳೆಯುತ್ತಿದೆ ಎಂದು ತಿಳಿಯುವುದಿಲ್ಲವಲ್ಲ. ಮೊದಲ ವರ್ಷದ ಕೆಲಸವೆಲ್ಲ ಹಾಳಾಯಿತು: ನೆಲದ ಮೇಲೆ ಸರಿಬಂದ ಎಂಜಿನ್ ಎತ್ತರದಲ್ಲಿ ಏದುಸಿರು ಬಿಡುತ್ತಿತ್ತು. ಮತ್ತೆ ಮೊದಲಿನಿಂದ ಶುರುಮಾಡಿದರು. “ನಮ್ಮನೆ ವಿಮಾನ ಇವತ್ತಾದ್ರೂ ಎದ್ದಿತಾ?” ಎಂದು ಗಂಡ ಊಟದ ಹೊತ್ತಿಗೆ ವಿಚಾರಿಸುತ್ತಿದ್ದರು, ಬಾಣಂತಿಯ ಆರೋಗ್ಯ ಕೇಳಿದ ಹಾಗೆ.

ಕೊನೆಗೆ ಫೈಲು ಕ್ಲಬ್ಬಿನ ನಾಲ್ಕೂ ಕಂಪ್ಯೂಟರಿಗೆ ಬಂತು. ದೂರುಗಳೂ ಬಂದವು. ಇಳಿಯುವಾಗ ಕಲ್ಲಿನಂತೆ ಬೀಳುತ್ತದೆ ಎಂದರು ಕ್ಲಬ್ಬಿಗೆ ಬರುವ ಔಷಧಿ ಅಂಗಡಿಯವರು. ಅಕ್ಕ ಪರೀಕ್ಷಿಸಿ, “ಹೌದು, ನನ್ನದೇ ತಪ್ಪು” ಎಂದು ಅಂದೇ ಸರಿಪಡಿಸಿದರು. ಉಳಿದವರದೆಲ್ಲ ಒಂದೇ ರಾಗ: ಏರುವುದೇ ಇಲ್ಲ. ಅದನ್ನು ಅಕ್ಕ ಒಪ್ಪಲಿಲ್ಲ. ಕ್ಲಬ್ಬಿನವರಿಗೊಂದು ಅಭ್ಯಾಸವಿತ್ತು. ದಾರಿ ಎಷ್ಟೇ ಇರಲಿ, ಇಂಧನದ ಟ್ಯಾಂಕು ಪೂರ್ತಿ ತುಂಬಿಸಿಯೇ ಹೊರಡುತ್ತಿದ್ದರು. ಹಳೆಯ ಫೈಲಿಗೆ ಆ ಭಾರ ಗೊತ್ತೇ ಆಗುತ್ತಿರಲಿಲ್ಲ.

ಹೊರಗಿನವರನ್ನೂ ಕರೆದು ಕ್ಲಬ್ಬು ತೋರಿಸುವ ಒಂದು ಭಾನುವಾರ ಮೈದುನ ತಾನೇ ಕುರ್ಚಿ ಹಿಡಿದ. ಕಂಪ್ಯೂಟರಿನಲ್ಲಿ ಆರಿಸಿದ್ದು ಬೇಸಿಗೆಯ ಮಧ್ಯಾಹ್ನ, ಚಿಕ್ಕ ರನ್‌ವೇ; ವಿಮಾನದ ಎಲ್ಲ ಸೀಟೂ ಭರ್ತಿ, ಟ್ಯಾಂಕೂ ಭರ್ತಿ.

“ಒಂದು ಗಂಟೆ ದಾರಿಗೆ ಅಷ್ಟು ಇಂಧನ ಯಾಕೋ? ಇಳಿಸು,” ಎಂದರು ಅಕ್ಕ ಹಿಂದಿನಿಂದ.

“ಇದ್ರೆ ಏನು, ಕೊಳೆಯುತ್ತಾ ಅತ್ತಿಗೆ?”

ವಿಮಾನ ಓಡಿತು. ಓಡುತ್ತಲೇ ಇತ್ತು. ರನ್‌ವೇ ಮುಗಿಯಿತು, ಬೇಲಿ ಮುರಿಯಿತು, ವಿಮಾನ ಹೊಲಕ್ಕಿಳಿದು ನಿಂತಿತು.

“ಟ್ರ್ಯಾಕ್ಟರ್ ಚೆನ್ನಾಗಿದೆ!” ಎಂದಿತು ಹಿಂದಿನ ಸಾಲಿನ ಒಂದು ದನಿ. ಕೋಣೆಯೆಲ್ಲ ನಕ್ಕಿತು.

ಮೈದುನನ ಕಿವಿ ಕೆಂಪಾಯಿತು. “ಹಳೇ ನೂಕುಬಲ ವಾಪಸ್ ಹಾಕಿ ಅತ್ತಿಗೆ. ಇಲ್ಲಾಂದ್ರೆ ನಿಮ್ಮ ಫೈಲು ತೆಗೆದುಬಿಡಿ. ಜನ ಇಲ್ಲಿಗೆ ಖುಷಿಗೆ ಬರ್ತಾರೆ, ಪರೀಕ್ಷೆ ಬರೆಯೋಕಲ್ಲ.”

“ಕಲಿಯೋರ ಕಾರು ದಿಬ್ಬದಲ್ಲಿ ನಿಂತುಹೋದ್ರೆ ದಿಬ್ಬಾನೇ ಅಗೆಸ್ತೀಯೇನೋ?”

“ಅದು ರಸ್ತೆ. ಇದು ಆಟ.”

“ನಿನಗೆ ಆಟ. ಫೈಲು ತೆಗೀತೀನಿ. ತಿದ್ದಲ್ಲ.”

ಬಂದವರೆಲ್ಲ ನೋಡುತ್ತಿದ್ದಂತೆ ಅಕ್ಕ ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು ತಮ್ಮ ಫೈಲು ಅಳಿಸಿ ಹಳೆಯದನ್ನು ಹಾಕಿದರು. ಅವಸರವಿರಲಿಲ್ಲ. “ನಾನು ಕೂರೋದರಲ್ಲಿ ಇರಲಿ ಬಿಡಿ,” ಎಂದು ಔಷಧಿ ಅಂಗಡಿಯವರು ಮೆಲ್ಲಗೆ ಕೇಳಿಕೊಂಡರು. “ಇವೆಲ್ಲ ಕ್ಲಬ್ಬಿನವು. ಬೇಕಿದ್ರೆ ಅಂಗಡಿಗೆ ಬನ್ನಿ, ಕೊಡ್ತೀನಿ,” ಎಂದರು ಅಕ್ಕ.

ರಾತ್ರಿ ಊಟಕ್ಕೆ ಕೂತಾಗ ಗಂಡನದು ಸಂಧಾನದ ಸಲಹೆ: “ಎರಡು ಥರ ಮಾಡಿಡು. ಹಗುರದ್ದು ಅವನಿಗೆ, ಭಾರದ್ದು ನಿನಗೆ. ಮನೆಯೊಳಗೆ ಜಗಳ ಯಾಕೆ?”

“ಒಂದೇ ಕಿಟಕಿಗೆ ಎರಡು ಅಳತೆ ಬರೆದುಕೊಂಡಿದ್ದು ಯಾವತ್ತಾದ್ರೂ ನೋಡಿದ್ದೀರಾ?”

ಗಂಡ ತಟ್ಟೆಯತ್ತ ತಿರುಗಿದರು.

ಫೈಲನ್ನು ಅಕ್ಕ ಅಂತರ್ಜಾಲಕ್ಕೆ ಹಾಕಿದ್ದಾರೆ, ಪರದೆ ಅಕ್ಕ ಎಂಬ ಹೆಸರಿನಲ್ಲೇ. ಇಳಿಸಿಕೊಂಡವರು ಹೆಚ್ಚಿಲ್ಲ. ಅವರಲ್ಲೂ ಅರ್ಧದಷ್ಟು ಜನ ಸ್ವಲ್ಪ ಬಲ ಸೇರಿಸಿ ಎಂದು ಬರೆಯುತ್ತಾರೆ. ಆಗುವುದಿಲ್ಲ ಎಂದು ಅಕ್ಕ ಉತ್ತರಿಸುತ್ತಾರೆ.

ಈಚೆಗೆ ಒಂದು ಸಂಜೆ ಮೈದುನ ಸ್ಕೂಲಿನ ಕಿಟಕಿಗೆ ಪರದೆ ಹೊಲಿಸಲು ಬಂದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕ ಕಂಪ್ಯೂಟರಿನ ಮುಂದೆ ಕೂತು ದೂರದ ದಾರಿಯೊಂದರಲ್ಲಿ ಹಾರುತ್ತಿದ್ದರು. ತುಂಬಿದ ವಿಮಾನ, ಬೇಕಾದ ಎತ್ತರಕ್ಕಿಂತ ಕೆಳಗೇ ತೇಲುತ್ತಿತ್ತು. ಅವನು ಬಾಗಿಲಿಗೊರಗಿ ಸ್ವಲ್ಪ ಹೊತ್ತು ನೋಡಿದ.

“ಯಾಕೆ ಅತ್ತಿಗೆ, ಇನ್ನೂ ಮೇಲಕ್ಕೆ ಹೋಗಿಲ್ಲ?”

“ಭಾರ ಇದೆ. ಒಂದಿಷ್ಟು ಇಂಧನ ಉರಿದ ಮೇಲೆ ಏರತ್ತೆ.”

“ಅಲ್ಲೀವರೆಗೆ ಕಾಯ್ತಾ ಕೂರೋದಾ?”

ಅಕ್ಕ ತಿರುಗಲಿಲ್ಲ. “ಅವಸರ ಇದ್ರೆ ನಿನ್ನ ಕ್ಲಬ್ಬಿಗೆ ಹೋಗು. ಅಲ್ಲಿ ಬೇಗ ಏರತ್ತೆ.”